ಖಡೇ ಬಜಾರದಾಗಿನ ಬ್ಯಾಗ್ ರಿಪೇರಿ ಅಂಗಡಿ, ಭುಜ ನೋವಿದ್ದವ್ರು ಒಮ್ಮೆ ಹೋಗ್ರಿ

ಹೊಸಾ ಬ್ಯಾಗಿಗೆ ರೊಕ್ಕ ಸುರಿಯೂಕಿಂತ ಮದ್ಲ ಹಳೇದರ ಪಟ್ಟಿ ಬದಲಿ ಮಾಡಿಸಿ ನೋಡ್ರಿ. ಬೆಳಗಾವಿ ಖಡೇ ಬಜಾರದಾಗ ಚೈನು, ಪಟ್ಟಿ ರಿಪೇರಿ ಮಾಡೋ ಸಣ್ಣ ಅಂಗಡಿ ಐತಿ, ಬೋರ್ಡೂ ಇಲ್ಲ ಏನಿಲ್ಲ, ಅಲ್ಲೇ ನನ್ನ ಆಫೀಸ್ ಬ್ಯಾಗ್ ಕೊಟ್ಟಿದ್ದೆ. ಲ್ಯಾಪ್‌ಟಾಪು, ಚಾರ್ಜರು, ಊಟದ ಡಬ್ಬಿ, ನೀರಿನ ಬಾಟ್ಲಿ ಎಲ್ಲಾ ತುಂಬಿದ್ರ ಪಟ್ಟಿ ಭುಜದಾಗ ಕೊರೀತಿತ್ತು, ಅದು ಪಾಯಜಾಮದ ಲಾಡಿ ಇದ್ದಂಗ ಇತ್ತು ಬಿಡ್ರಿ.

ಅಂಗಡಿ ಕಾಕಾ ಅದನ್ನ ಕಿತ್ತಿ ನಾಕ ಬೆರಳ ಅಗಲದ ಪಟ್ಟಿ ಹಚ್ಚಿ, ಒಳಗ ಫೋಮ್ ತುಂಬಿ, ಬುಡದಾಗ ಡಬಲ್ ಹೊಲಿಗಿ ಹಾಕಿ ಕೊಟ್ರು. ಪಟ್ಟಿ ಅಗಲ ಇದ್ರ ಭಾರ ಹರಡತೈತಿ, ಒಂದ ಕಡೆ ಒತ್ತಂಗಿಲ್ಲ. ಮ್ಯಾಲಿಂದ ಹೇಳಿದ್ರು, "ಬ್ಯಾಗ್ ಬೆನ್ನಿಗೆ ಹತ್ತಿ ಇರ್ಬೇಕ್ರಿ, ಕುಂಡಿ ಮ್ಯಾಲ ಬಡಿಯಂಗ ಇಳಿ ಬಿಡಬ್ಯಾಡ್ರಿ, ವಜ್ಜೆ ಸಾಮಾನ ಬೆನ್ನಿನ ಕಡೆ ಇಡ್ರಿ." ಖರೇನ ಫರಕ್ ಐತಿ, ಈಗ ಸಂಜೀಕ ಕುತ್ತಿಗಿ ಹಿಡ್ಕೊಳ್ಳಂಗಿಲ್ಲ.

ತಕರಾರು ಅಂದ್ರ ಹೇಳಿದ ದಿನ ಕೊಡಂಗಿಲ್ಲ, ನಾಳಿ ಬರ್ರಿ ನಾಳಿ ಬರ್ರಿ ಅಂತಾರ, ಮತ್ತ ಕರಿ ಬ್ಯಾಗಿಗೆ ಬೂದಿ ಬಣ್ಣದ ಪಟ್ಟಿ ಹಚ್ಯಾರ (ನಮ್ಮಕಿ ಇನ್ನೂ ನಗ್ತಾಳ).

ಸಾಲಿ ಹುಡುಗರ ಬ್ಯಾಗೂ ಮಾಡಿ ಕೊಡ್ತಾರ. ಆದ್ರ ಪಟ್ಟಿ ಎಷ್ಟ ಚಲೋ ಇದ್ರೂ ತೂಕ ನೋಡ್ರಿ, ಕೇಂದ್ರದವ್ರ 2020ರ ಸ್ಕೂಲ್ ಬ್ಯಾಗ್ ಪಾಲಿಸಿ ಪ್ರಕಾರ ಮಗುವಿನ ತೂಕದ 10% ದಾಟಬಾರ್ದು, ಅಂದ್ರ 30 ಕೆಜಿ ಹುಡುಗಗ 3 ಕೆಜಿ ಅಷ್ಟ. ಹೋಗೂವಾಗ ಬ್ಯಾಗ್ ಪೂರಾ ಖಾಲಿ ಮಾಡ್ಕೊಂಡ ಹೋಗ್ರಿ, ಇಲ್ಲಾಂದ್ರ ತಗೊಳ್ಳಂಗಿಲ್ಲ.