ಜಾಜ್, ಐದು ತಂತಿ, ಪ್ರೆಸಿಷನ್: ರಸಮಂಜರಿಯ ವೇದಿಕೆಗೆ ನನಗೆ ಒಗ್ಗಿದ ಬಾಸ್

ಹದಿಮೂರು ವರ್ಷಗಳಲ್ಲಿ ನಾಲ್ಕು ಬಾಸ್ ಗಿಟಾರ್ (ಹಾಡಿಗೆ ತಗ್ಗು ಸ್ವರ ಕೊಡುವ, ಸಾಮಾನ್ಯವಾಗಿ ನಾಲ್ಕು ತಂತಿಯ ಗಿಟಾರ್) ಕೊಂಡೆ, ಮೂರನ್ನು ಕೊಟ್ಟುಬಿಟ್ಟೆ. ಈಗ ಮನೆಯಲ್ಲಿ ಉಳಿದಿರುವುದು ಪ್ರೆಸಿಷನ್ ನಮೂನೆಯದ್ದೊಂದೇ (ಪ್ರೆಸಿಷನ್, ಜಾಜ್ ಎರಡೂ ಅಮೆರಿಕದ ಫೆಂಡರ್ ಕಂಪನಿಯ ಬಾಸ್ ನಮೂನೆಗಳು). ಮಂಗಳೂರಿನಲ್ಲಿ ಒಬ್ಬರು ಬಳಸಿ ಬಿಟ್ಟದ್ದು, 14,000 ರೂಪಾಯಿಗೆ ಸಿಕ್ಕಿತು. ಉಳಿದ ಮೂರನ್ನು ಕೊಂಡ ಬೆಲೆಗೂ ಮಾರಿದ ಬೆಲೆಗೂ ಇರುವ ವ್ಯತ್ಯಾಸ ಕೂಡಿಸಿದರೆ 26,000 ಆಗುತ್ತದೆ. ಅಡಿಕೆ ಮಾರಿದ ದುಡ್ಡು ಅದು. ಮೊದಲೇ ಯಾರಾದರೂ ಹೇಳಿದ್ದರೆ ಉಳಿಯುತ್ತಿತ್ತು ಅನ್ನಿಸಿದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ.

ನಾನು ನುಡಿಸುವುದು ಎಲ್ಲಿ ಅಂತ ಮೊದಲು ಹೇಳಬೇಕು. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ತೋಟ. ಡಿಸೆಂಬರಿನಿಂದ ಮಳೆ ಹಿಡಿಯುವವರೆಗೆ ರಸಮಂಜರಿ ತಂಡದೊಂದಿಗೆ ಕುಂಬಳೆ, ಪೆರ್ಲ, ಮುಳ್ಳೇರಿಯ, ಉಪ್ಪಳ ಅಂತ ತಿರುಗುತ್ತೇನೆ. ಯುವಕ ಮಂಡಲದ ವಾರ್ಷಿಕೋತ್ಸವ, ಜಾತ್ರೆ, ಶಾಲಾ ಮೈದಾನ, ಗದ್ದೆಯಲ್ಲಿ ಕಟ್ಟಿದ ವೇದಿಕೆ. ಒಂದೇ ರಾತ್ರಿಯಲ್ಲಿ ಕನ್ನಡ, ತುಳು, ಮಲಯಾಳ, ಹಿಂದಿ ನಾಲ್ಕೂ ಭಾಷೆಯ ಹಾಡು ಬೇಕು. ಕರೆಂಟು ಎಲ್ಲಿಂದ ಎಳೆದಿದ್ದಾರೆ ಎಂದು ಕೇಳಿದರೆ ಒಮ್ಮೊಮ್ಮೆ ಸಂಘಟಕರಿಗೇ ಗೊತ್ತಿರುವುದಿಲ್ಲ. ಸ್ಟುಡಿಯೋದಲ್ಲಿ ಕೂತು ನುಡಿಸುವವರ ಆಯ್ಕೆ ಬೇರೆ ಇರಬಹುದು.

ಮೊದಲನೆಯದು ಗಿಡ್ಡ ಬಾಸ್, ತಂತಿಯ ಅದುರುವ ಭಾಗದ ಉದ್ದ 30 ಇಂಚು. ಬೀಟಲ್ಸ್ ತಂಡದ ಪಾಲ್ ಮೆಕ್ಕಾರ್ಟ್ನಿಯ ಪಿಟೀಲಿನಾಕಾರದ ಹಾಫ್ನರ್ ಕೂಡ ಇಷ್ಟೇ ಉದ್ದದ್ದು ಎಂದು ಧೈರ್ಯ ಮಾಡಿ ಕೊಂಡದ್ದು. ನನ್ನದರಲ್ಲಿ ದಪ್ಪ ತಂತಿ ಸಡಿಲಾಗಿ ಅಲ್ಲಾಡುತ್ತಿತ್ತು. ಎರಡು ವರ್ಷಕ್ಕೆ ಕೊಟ್ಟೆ. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯದು ಜಾಜ್ ನಮೂನೆ. ಹೊಸತು, 26,000. ಲಿಯೋ ಫೆಂಡರ್ 1951ರಲ್ಲಿ ಪ್ರೆಸಿಷನ್ ಬಾಸನ್ನು ಮಾರುಕಟ್ಟೆಗೆ ತಂದರು, ಜಾಜ್ ಬಂದದ್ದು 1960ರಲ್ಲಿ. ಅಮೆರಿಕದ ಬಾಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್‌ಗಳಿಲ್ಲದ (ಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿಗಳಿಲ್ಲದ) ತನ್ನ 1962ರ ಜಾಜ್ ಬಾಸಿನಲ್ಲಿ ನುಡಿಸಿದ್ದನ್ನು ಕೇಳಿದ ಮೇಲೆ ನನಗೆ ಬೇರೆ ಯಾವುದೂ ಬಾಸ್ ಅನ್ನಿಸುತ್ತಿರಲಿಲ್ಲ. ಹಿಡಿ ತೆಳು, ಮೇಲಿನ ತುದಿಯಲ್ಲಿ 38 ಮಿಲಿಮೀಟರ್ ಅಗಲ ಅಷ್ಟೇ. ಎರಡು ಪಿಕಪ್ (ತಂತಿಯ ಅದುರನ್ನು ಹಿಡಿಯುವ ಭಾಗ), ಎರಡಕ್ಕೂ ಬೇರೆ ಬೇರೆ ವಾಲ್ಯೂಮ್. ತಂತಿಯ ಬುಡ ಕೂತಿರುವ ಬ್ರಿಡ್ಜಿನ ಪಕ್ಕದ ಪಿಕಪ್ಪಿನ ವಾಲ್ಯೂಮನ್ನು ಇನ್ನೊಂದಕ್ಕಿಂತ ಸ್ವಲ್ಪ ಜಾಸ್ತಿ ಇಟ್ಟರೆ ಸ್ವರ ಮೂಗಿನಿಂದ ಮಾತಾಡಿದ ಹಾಗೆ ಸ್ಪಷ್ಟವಾಗಿ ಬರುತ್ತದೆ. ಇಳಯರಾಜರ ಹಾಡುಗಳಲ್ಲಿ ಬಾಸ್ ಬರೀ ತಾಳಕ್ಕೆ ಕೂತಿರುವುದಿಲ್ಲ, ತಾನೂ ಒಂದು ರಾಗ ಹಾಡುತ್ತಾ ಹೋಗುತ್ತದೆ. ಅಂಥವಕ್ಕೆ ಈ ಸ್ವರ ಹೇಳಿ ಮಾಡಿಸಿದ್ದು. ಮನೆಯ ಚಾವಡಿಯಲ್ಲಿ ನುಡಿಸುವಾಗ ಇದರಷ್ಟು ಖುಷಿ ಇನ್ಯಾವುದೂ ಕೊಟ್ಟಿಲ್ಲ.

ತೊಂದರೆ ಶುರುವಾದದ್ದು ಪೆರ್ಲದ ಹತ್ತಿರದ ಒಂದು ವೇದಿಕೆಯಲ್ಲಿ. ಸೌಂಡ್ ಚೆಕ್‌ಗೆ ಜಾಕ್ ಚುಚ್ಚಿದ ಕೂಡಲೇ ಗುಂಯ್ ಅಂತ ಸದ್ದು. ಮೈಕ್‌ಸೆಟ್ಟಿನ ಹುಡುಗ ಕೆಳಗಿನಿಂದ ಕೂಗಿದ: “ಎಂತ ಅಣ್ಣಾ ಅದು, ಜೇನು ಎದ್ದ ಹಾಗೆ?” ಕೇಬಲ್ ಬದಲಿಸಿದೆವು. ಬಾಸನ್ನು ಮೈಕ್‌ಸೆಟ್ಟಿಗೆ ಜೋಡಿಸುವ ಡಿಐ ಬಾಕ್ಸಿನಲ್ಲಿ ಅರ್ತ್ ತಪ್ಪಿಸುವ ಸ್ವಿಚ್ ಒತ್ತಿದೆವು. ಹೋಗಲಿಲ್ಲ. ನಾನು ತಿರುಗಿ ಕೀಬೋರ್ಡಿನ ಮಾಷ್ಟ್ರ ಕಡೆಗೆ ಮುಖ ಮಾಡಿ ನಿಂತರೆ ಕಮ್ಮಿ, ಜನರ ಕಡೆಗೆ ತಿರುಗಿದರೆ ಜಾಸ್ತಿ. ಆ ರಾತ್ರಿ ಮೂರು ಗಂಟೆ ಹೊತ್ತು ಜನರಿಗೆ ಪಕ್ಕ ಕೊಟ್ಟುಕೊಂಡೇ ನುಡಿಸಿದೆ.

ಕಾರಣ ಆಮೇಲೆ ತಿಳಿಯಿತು. ಪಿಕಪ್ ಎಂದರೆ ಅಯಸ್ಕಾಂತದ ಸುತ್ತ ಸುತ್ತಿದ ಸಣ್ಣ ತಾಮ್ರದ ತಂತಿ. ಬಾಸಿನ ತಂತಿ ಅದುರಿದ್ದನ್ನು ಅದು ಹಿಡಿಯುತ್ತದೆ. ಟ್ರಾನ್ಸ್‌ಫಾರ್ಮರ್, ಟ್ಯೂಬ್‌ಲೈಟಿನ ಚೋಕ್, ವೇದಿಕೆಯ ಅಡಿಯಲ್ಲಿ ಹಾದುಹೋದ ವಯರು ಇವುಗಳಿಂದ ಬರುವ 50 ಹರ್ಟ್ಜಿನ ಕಂಪನವನ್ನೂ ಹಾಗೆಯೇ ಹಿಡಿಯುತ್ತದೆ. ಜಾಜ್‌ನ ಎರಡು ಪಿಕಪ್‌ಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸುತ್ತಿರುತ್ತಾರೆ. ಎರಡರ ವಾಲ್ಯೂಮನ್ನೂ ಪೂರ್ತಿ ಇಟ್ಟರೆ ಒಂದರ ಗುಂಯ್ ಇನ್ನೊಂದನ್ನು ಅಳಿಸುತ್ತದೆ. ಒಂದನ್ನು ಸ್ವಲ್ಪ ಇಳಿಸಿದರೆ ಆ ಲೆಕ್ಕ ತಪ್ಪಿತು. ಯಾವ ಸ್ವರಕ್ಕಾಗಿ ನಾನು ಈ ಬಾಸ್ ಕೊಂಡೆನೋ ಅದು ಬರುವುದು ಒಂದನ್ನು ಇಳಿಸಿದಾಗಲೇ! ಎರಡನ್ನೂ ಪೂರ್ತಿ ಇಟ್ಟರೆ ಸದ್ದೇನೋ ಹೋಗುತ್ತದೆ, ಆದರೆ ನಡುಭಾಗದ ಗಟ್ಟಿತನವೂ ಹೋಗುತ್ತದೆ. ಮೈದಾನದಲ್ಲಿ ಆ ಸ್ವರ ಡ್ರಮ್ಸ್‌ನ ಅಡಿಯಲ್ಲಿ ಹೂತುಹೋಗುತ್ತಿತ್ತು.

ಸಣ್ಣ ಗುಂಯ್‌ಗೆ ಇಷ್ಟು ಯಾಕೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ನಮ್ಮ ಗಾಯಕಿಯದು ಐದು ಮನೆ ಶ್ರುತಿ, ಅಂದರೆ ಜಿ. ಬಾಸಿನ ದಪ್ಪ ತಂತಿಯ ಮೂರನೇ ಫ್ರೆಟ್ಟಿನಲ್ಲಿ ಬರುವ ಜಿ 49 ಹರ್ಟ್ಜ್. ಸಣ್ಣ ತಂತಿಯನ್ನು ಬಿಟ್ಟು ಮೀಟಿದರೆ ಬರುವ ಜಿ 98. ಕರೆಂಟಿನ ಸದ್ದು ಕೂತಿರುವುದು 50ರಲ್ಲಿ ಮತ್ತು ಅದರ ಇಮ್ಮಡಿ 100ರಲ್ಲಿ. ಹಾಡಿನ ಆಧಾರ ಷಡ್ಜದ ಪಕ್ಕದಲ್ಲೇ, ಕೂದಲೆಳೆಯಷ್ಟು ಮೇಲೆ, ರಾತ್ರಿಯಿಡೀ ಶ್ರುತಿ ತಪ್ಪಿದ ತಂಬೂರಿ. ನಾನು ಜಿ ಹಿಡಿದು ನಿಲ್ಲಿಸಿದಾಗಲೆಲ್ಲ ಸ್ವರ ಅಲೆಅಲೆಯಾಗಿ ತೂಗುತ್ತಿತ್ತು. ಮೈಕ್‌ಸೆಟ್ಟಿನವರು 50 ಹರ್ಟ್ಜನ್ನು ಕತ್ತರಿಸಿದರು, ಗುಂಯ್ ಜೊತೆಗೆ ನನ್ನ ಜಿ ಕೂಡ ಸೊರಗಿತು. ಸಣ್ಣ ಸದ್ದನ್ನು ಮುಚ್ಚಿಬಿಡುವ ನಾಯ್ಸ್ ಗೇಟ್ ಹಾಕಿದರು, ಉದ್ದ ಸ್ವರಗಳ ಬಾಲ ಕತ್ತರಿಸಿ ಹೋಯಿತು. ಯಾರನ್ನೂ ದೂರುವಂತಿರಲಿಲ್ಲ.

ಒಳಗೆಲ್ಲ ತಾಮ್ರದ ಟೇಪು ಅಂಟಿಸಿಯೂ ನೋಡಿದೆ. ಎರಡು ದಿನದ ಕೆಲಸ. ತಂತಿ ಮುಟ್ಟದೆ ಬಿಟ್ಟಾಗ ಬರುವ ಚರಚರ ನಿಂತಿತು, 50ರ ಗುಂಯ್ ಹಾಗೆಯೇ ಉಳಿಯಿತು. ತಾಮ್ರದ ತೆಳು ಹಾಳೆ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ ಎಂದು ಅಂಟಿಸಿ ಮುಗಿಸಿದ ಮೇಲೆ ಓದಿದೆ. ಸದ್ದು ಮಾಡದ ಜೋಡಿಸುರುಳಿಯ ಪಿಕಪ್ ಹಾಕಿಸಬಹುದಿತ್ತು. ಅದಕ್ಕೆ ಕೇಳಿದ ಬೆಲೆ ಬಾಸಿನ ಬೆಲೆಯ ಅರ್ಧಕ್ಕೆ ಹತ್ತಿರ ಬಂತು. 17,000ಕ್ಕೆ ಮಾರಿದೆ. ಕೊಂಡ ಹುಡುಗ ಮನೆಯಲ್ಲಿ ಕೂತು ರೆಕಾರ್ಡ್ ಮಾಡುವವನು, ಅವನಿಗೆ ಇವತ್ತಿಗೂ ಅದು ಇಷ್ಟ.

ಮೂರನೆಯದು ಐದು ತಂತಿಯ ಆಕ್ಟಿವ್ ಬಾಸ್, ಅಂದರೆ ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವಂಥದ್ದು, 34,000. ಗುಂಯ್ ಇಲ್ಲ, ಅದನ್ನು ಮೊದಲು ಪರೀಕ್ಷಿಸಿಯೇ ತಂದೆ. ಆದರೆ ಭಾರ. ಬೆಳಿಗ್ಗೆ ತೋಟದಲ್ಲಿ ಗೊನೆ ಹೊತ್ತ ಹೆಗಲಿಗೆ ರಾತ್ರಿ ಮೂರು ಗಂಟೆ ಅದು ಹಿತವಲ್ಲ. ಐದನೇ ತಂತಿಯ ಬಿ ಸುಮಾರು 31 ಹರ್ಟ್ಜ್. ನಮಗೆ ಸಿಗುವ ಮೈಕ್‌ಸೆಟ್ಟಿನ ಬಿನ್‌ಗಳಲ್ಲಿ (ತಗ್ಗು ಸ್ವರದ ದೊಡ್ಡ ಸ್ಪೀಕರ್ ಪೆಟ್ಟಿಗೆಗಳಲ್ಲಿ) ಅಷ್ಟು ಕೆಳಗಿನ ಸ್ವರ ಸ್ವರವಾಗಿ ಬರುವುದಿಲ್ಲ, ಬರೀ ಗಾಳಿ ದೂಡಿದ ಹಾಗೆ. ಡಿ ಶ್ರುತಿಯ ಹಾಡುಗಳಿಗೆ ಕೆಳಗಿನ ಡಿ ಕೈಗೆ ಸಿಗುತ್ತಿತ್ತು, ಅದು ನಿಜವಾದ ಅನುಕೂಲ. ಈಗ ಅಂಥ ಹಾಡಿಗೆ ದಪ್ಪ ತಂತಿಯನ್ನು ಇಯಿಂದ ಡಿಗೆ ಇಳಿಸಿಕೊಳ್ಳುತ್ತೇನೆ, ಅರ್ಧ ನಿಮಿಷದ ಕೆಲಸ.

ಅದರ 9 ವೋಲ್ಟಿನ ಬ್ಯಾಟರಿಯದ್ದು ಇನ್ನೊಂದು. ಜಾಕ್ ಚುಚ್ಚಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಮುಳ್ಳೇರಿಯದಲ್ಲಿ ಸಂಜೆ ಸೌಂಡ್ ಚೆಕ್ ಮಾಡಿ, ಜಾಕ್ ತೆಗೆಯದೆ ಊಟಕ್ಕೆ ಹೋದೆ. ಬ್ಯಾಟರಿ ಹಳೆಯದಾಗಿತ್ತು. ನಾಲ್ಕನೇ ಹಾಡಿನಲ್ಲಿ ಸ್ವರ ಒಡೆಯತೊಡಗಿತು, ಆರನೆಯದಕ್ಕೆ ಪೂರ್ತಿ ಹೋಯಿತು. ರಾತ್ರಿ ಹತ್ತೂವರೆಗೆ ಯಾವ ಅಂಗಡಿ ತೆರೆದಿರುತ್ತದೆ? ಮಾಷ್ಟ್ರು ಕೀಬೋರ್ಡಿನಲ್ಲೇ ಎಡಗೈಯಲ್ಲಿ ಬಾಸ್ ನುಡಿಸಿ ಕಾರ್ಯಕ್ರಮ ಉಳಿಸಿದರು. ಅವರ ಋಣ ದೊಡ್ಡದು. ಮರುತಿಂಗಳೇ 22,000ಕ್ಕೆ ಕೊಟ್ಟೆ.

ಪ್ರೆಸಿಷನ್‌ಗೆ ಬ್ಯಾಟರಿ ಇಲ್ಲ. ಒಂದು ವಾಲ್ಯೂಮ್, ಒಂದು ಟೋನ್. 1957ರಲ್ಲಿ ಫೆಂಡರ್ ಇದರ ಪಿಕಪ್ಪನ್ನು ಎರಡು ತುಂಡು ಮಾಡಿದರು: ಎರಡು ತಂತಿಗೆ ಒಂದು ತುಂಡು, ಇನ್ನೆರಡಕ್ಕೆ ಇನ್ನೊಂದು, ಎರಡರ ಸುತ್ತು ವಿರುದ್ಧ. ಜಾಜ್‌ನಲ್ಲಿ ನಾನು ಎರಡೂ ಗುಂಡಿ ಪೂರ್ತಿ ತಿರುಗಿಸಿದಾಗ ಮಾತ್ರ ಸಿಗುತ್ತಿದ್ದ ಮೌನ ಇದರಲ್ಲಿ ಹೇಗೆ ತಿರುಗಿಸಿದರೂ ಉಂಟು. ಮೊದಲ ಸಲ ಇದನ್ನು ತೆಗೆದುಕೊಂಡು ಹೋದಾಗ ಮೈಕ್‌ಸೆಟ್ಟಿನ ಹುಡುಗ ಹೆಡ್‌ಫೋನ್ ತೆಗೆದು, “ಅಣ್ಣಾ, ಜಾಕ್ ಹಾಕಿದ್ದೀರಾ?” ಎಂದು ಕೇಳಿದ. ಹಾಕಿ ಹತ್ತು ನಿಮಿಷವಾಗಿತ್ತು.

ಸ್ವರದಲ್ಲಿ ಜಾಜ್‌ನಷ್ಟು ಬಣ್ಣ ಇಲ್ಲ, ಒಪ್ಪುತ್ತೇನೆ. ಒಂದೇ ಸ್ವರ, ಆದರೆ ಗಟ್ಟಿ. ಮೈದಾನದ ಕೊನೆಯ ಕುರ್ಚಿಗೂ ಬಾಸ್ ಯಾವ ಸ್ವರದಲ್ಲಿದೆ ಎಂದು ತಿಳಿಯುತ್ತದೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಜೇಮ್ಸ್ ಜೇಮರ್ಸನ್ 1962ರ ಒಂದು ಪ್ರೆಸಿಷನ್ ಬಾಸಿಗೆ ನುಣುಪು ತಂತಿ ಹಾಕಿ ನುಡಿಸಿದವರು. ಬಣ್ಣ ಬೆರಳಿನಿಂದಲೂ ತರಬಹುದು ಎನ್ನುವುದಕ್ಕೆ ಅವರೇ ನನಗೆ ಸಾಕ್ಷಿ. ಹಿಡಿ ದಪ್ಪ, ಅಡಿಕೆ ಕೆಲಸ ಮಾಡಿದ ಕೈಗೆ ಅದೇ ಸರಿ.

ನಾನೂ ನುಣುಪು ತಂತಿಯನ್ನೇ ಹಾಕಿದ್ದೇನೆ. ಸುತ್ತು ಎದ್ದುಕಾಣುವ ಸಾಮಾನ್ಯ ತಂತಿ ನಮ್ಮ ಮಳೆಗಾಲದಲ್ಲಿ ಬೇಗ ತುಕ್ಕು ಹಿಡಿದು ಬೆರಳು ಕೆರೆಯುತ್ತದೆ. ಇದು ದುಬಾರಿ, ಆದರೆ ಎರಡು ಮಳೆಗಾಲ ಕಳೆದಿದೆ, ಇನ್ನೂ ಬದಲಿಸಿಲ್ಲ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಿಡಿ ಸ್ವಲ್ಪ ಬಾಗುತ್ತದೆ, ಒಳಗಿನ ಸರಳನ್ನು ಕೀಲಿಯಿಂದ ಕಾಲು ಸುತ್ತು ತಿರುಗಿಸಿದರೆ ಸರಿಯಾಗುತ್ತದೆ. ನಾಲ್ಕರಲ್ಲೂ ಆ ತೊಂದರೆ ಇತ್ತು.

ಮನೆಯಲ್ಲಿ ಅಥವಾ ಒಳ್ಳೆಯ ಸಭಾಂಗಣದಲ್ಲಿ ಮಾತ್ರ ನುಡಿಸುವವರು ಜಾಜ್ ತೆಗೆದುಕೊಳ್ಳಿ, ನನಗೂ ಅದರ ನೆನಪು ಹೋಗಿಲ್ಲ. ಸ್ವಂತ ಒಳ್ಳೆ ಸ್ಪೀಕರ್ ಇದ್ದರೆ ಮಾತ್ರ ಐದು ತಂತಿ. ಜಾತ್ರೆಗದ್ದೆಗೆ ಹೋಗುವವರು, 15,000ದ ಒಳಗೆ ಮುಗಿಸಬೇಕಾದವರು ಹಳೆಯ ಪ್ರೆಸಿಷನ್ ಹುಡುಕಿ. ಯಾವುದನ್ನೇ ಆದರೂ ಕೊಳ್ಳುವ ಮೊದಲು ಆಂಪ್ಲಿಫೈಯರಿಗೆ ಚುಚ್ಚಿ, ಉರಿಯುವ ಟ್ಯೂಬ್‌ಲೈಟಿನ ಕೆಳಗೆ ನಿಂತು ನಾಲ್ಕೂ ದಿಕ್ಕಿಗೆ ತಿರುಗಿ ನೋಡಿ. ಈಗಿನ ಎಲ್‌ಇಡಿ ಟ್ಯೂಬಿನಲ್ಲಿ ಚೋಕ್ ಇರುವುದಿಲ್ಲ, ಹಳೆಯದೇ ಬೇಕು. ನಮ್ಮ ಚಾವಡಿಯಲ್ಲಿ ಅಂಥದ್ದೊಂದನ್ನು ಇದಕ್ಕೆಂದೇ ತೆಗೆಯದೆ ಇಟ್ಟಿದ್ದೇನೆ. ಹೋದ ವರ್ಷ ಊರಿನ ಇಬ್ಬರು ಹುಡುಗರು ತಾವು ಕೊಳ್ಳಬೇಕೆಂದಿದ್ದ ಬಾಸನ್ನು ತಂದು ಅದರ ಕೆಳಗೆ ತಿರುಗಿ ನೋಡಿದರು. ಒಬ್ಬ ಕೊಂಡ, ಒಬ್ಬ ಹಿಂದೆ ಕೊಟ್ಟು ಬಂದ.