ಸೂಜಿ ಚುಚ್ಚದೆ ಶುಗರ್ ತೋರಿಸುವ ವಾಚು: ದಯವಿಟ್ಟು ತಗೋಬೇಡಿ

ತಗೋಬೇಡಿ. ಎಷ್ಟೇ ಕಡಿಮೆಗೆ ಕೊಟ್ಟರೂ ತಗೋಬೇಡಿ. ನಾನು 4,499 ರೂಪಾಯಿ ಸುರಿದು ಅಮ್ಮನ ಕೈಗೆ ಕಟ್ಟಿದೆ. ಹೇಳಿಕೊಳ್ಳೋಕೆ ನಾಚಿಕೆ, ಆದರೂ ಬರೀತಿದೀನಿ.

ಅಮ್ಮ ತಿಪಟೂರಲ್ಲಿ, ನಾನು ಬೆಂಗಳೂರಲ್ಲಿ. ಹನ್ನೆರಡು ವರ್ಷದ ಶುಗರ್, ಬೆರಳು ಚುಚ್ಚಿಕೊಳ್ಳೋದು ಅಂದರೆ ಅವಳಿಗೆ ಆಗಲ್ಲ. ಆಫೀಸಿನ ಗೆಳೆಯ ವಾಚಲ್ಲೇ ಶುಗರ್ ನೋಡ್ಕೋತಿದ್ದ, ನಾನೂ ಆರ್ಡರ್ ಮಾಡಿದೆ. ಅವನ ತೋಳಿನ ಹಿಂದೆ, ಅಂಗಿಯೊಳಗೆ, ನಾಣ್ಯದಷ್ಟು ಸೆನ್ಸರ್ ಅಂಟಿತ್ತು. ಅದರ ಕೂದಲೆಳೆಯಂಥ ತಂತು ಚರ್ಮದೊಳಗಿನ ದ್ರವದಲ್ಲಿ ಗ್ಲೂಕೋಸ್ ಅಳೆದು ಫೋನಿಗೆ ಕಳಿಸುತ್ತೆ. ವಾಚು ಬರೀ ತೋರಿಸುತ್ತೆ ಅಷ್ಟೇ. ಇದು ಗೊತ್ತಾಗಿದ್ದು ಆಮೇಲೆ. ಮೊದಲೇ ಕೇಳಬೇಕಿತ್ತು. ಕೇಳಲಿಲ್ಲ.

ದಿನಾ ಬೆಳಿಗ್ಗೆ ನನ್ನ ಫೋನಿಗೆ ಅಮ್ಮನ ಶುಗರ್ 6.1. ಅದು ಎಂಎಂಒಎಲ್ (ಲೀಟರಿಗೆ ಮಿಲಿಮೋಲ್) ಲೆಕ್ಕ, 18ರಿಂದ ಗುಣಿಸಿದರೆ ನಮ್ಮ ಲ್ಯಾಬಿನವರ ಮಿಲಿಗ್ರಾಂ ಲೆಕ್ಕದಲ್ಲಿ 110. ಖುಷಿಯೋ ಖುಷಿ. "ವಾಚೇ ಹೇಳುತ್ತಲ್ಲ" ಅಂತ ಅಮ್ಮ ಗ್ಲುಕೋಮೀಟರ್ ಬೀರುವಿಗೆ ಸೇರಿಸಿದಳು. ಯುಗಾದಿ ದಿನ ಫೋನಲ್ಲಿ "ಇನ್ನೊಂದು ಹೋಳಿಗೆ ತಿನ್ನಮ್ಮ, ಏನೂ ಆಗಲ್ಲ" ಅಂದವನು ನಾನೇ.

ಕಾಲಿನ ಗಾಯ ಎರಡು ವಾರವಾದರೂ ಮಾಯಲಿಲ್ಲ. ಊರಿಗೆ ಹೋಗಿ ಲ್ಯಾಬಿಗೆ ಕರ್ಕೊಂಡು ಹೋದೆ. ಖಾಲಿ ಹೊಟ್ಟೇಲಿ 284. ವಾಚಲ್ಲಿ ಆಗಲೂ 6.1!

ಮನೆಗೆ ಬಂದು ವಾಚು ಬಿಚ್ಚಿ ಸೌತೆಕಾಯಿಗೆ ಕಟ್ಟಿದೆ. ಹಸಿರು ಲೈಟು ಮಿಣಮಿಣ ಅಂತು. ಸೌತೆಕಾಯಿಗೆ ಶುಗರ್ 5.9. ನಾಡಿಬಡಿತ ಬೇರೆ, 74. ಅಮ್ಮ ನಕ್ಕಳು. ನನಗೆ ಮೈಯೆಲ್ಲ ಉರಿದುಹೋಯಿತು. ಊಟದ ಹೊತ್ತು ನಾವೇ ಆ್ಯಪಿಗೆ ಹಾಕಿದ್ವಲ್ಲ, ಅದನ್ನ ನೋಡ್ಕೊಂಡು ನಂಬರ್ ಏರಿಸಿ ಇಳಿಸ್ತಿತ್ತು ಅಂತ ನನ್ನ ಗುಮಾನಿ.

ಕಂಪನಿಗೆ ಫೋನ್ ಮಾಡಿದೆ. "ಸರ್, ಸ್ವಲ್ಪ ಟೈಟಾಗಿ ಕಟ್ಟಿ." ಸೌತೆಕಾಯಿ ವಿಷಯ ಹೇಳಿದೆ. "ಸರ್, ಅದು ಮನುಷ್ಯರಿಗೆ ಮಾತ್ರ." ಮತ್ತೆ ಕೂಗಾಡಿದ್ದಕ್ಕೆ, "ಇದು ವೆಲ್‌ನೆಸ್ ರೀಡಿಂಗ್ ಸರ್, ಮೆಡಿಕಲ್ ಅಲ್ಲ, ಡಬ್ಬಿ ಮೇಲೇ ಬರೆದಿದೆ." ಬರೆದಿದೆ ನಿಜ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ! ಜಾಹೀರಾತಲ್ಲಿ ಮಾತ್ರ ಮಾರುದ್ದ "ನೋವಿಲ್ಲದೆ ಶುಗರ್ ಟೆಸ್ಟ್". ದುಡ್ಡು ವಾಪಸ್? "ಏಳು ದಿನ ಮುಗಿದಿದೆ ಸರ್." ಮಾರನೇ ವಾರದಿಂದ ಅಮ್ಮನಿಗೆ ಯಾರ್ಯಾರೋ ಫೋನ್ ಮಾಡಿ ಶುಗರ್ ಇಳಿಸೋ ಪುಡಿ ಅಂತ ಮಾರೋಕೆ ಶುರು. ಆ್ಯಪಿಗೆ ಅಮ್ಮನ ನಂಬರ್ ಕೊಟ್ಟಿದ್ದೂ ನಾನೇ.

ಅಮೆರಿಕದಲ್ಲಿ ಔಷಧಿ, ವೈದ್ಯಕೀಯ ಉಪಕರಣಗಳಿಗೆ ಅನುಮತಿ ಕೊಡೋ ಸರ್ಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲೇ ಎಚ್ಚರಿಸಿತ್ತು: ಚರ್ಮ ಚುಚ್ಚದೆ ತಾನಾಗಿ ಶುಗರ್ ಅಳೆಯುವ ಯಾವ ವಾಚಿಗೂ ಉಂಗುರಕ್ಕೂ ತಾವು ಅನುಮತಿ ಕೊಟ್ಟಿಲ್ಲ ಅಂತ. ಓದಿದವನು ಅನ್ನಿಸಿಕೊಂಡು ಇದನ್ನೊಂದು ಹುಡುಕಲಿಲ್ಲ ನಾನು.

ತೋಳಿಗೆ ಅಂಟಿಸೋ ಸೆನ್ಸರ್ ಬೇಕಿದ್ದರೆ ಡಾಕ್ಟರನ್ನ ಕೇಳಿ. ಇಲ್ಲಾಂದ್ರೆ ಹಳೇ ಗ್ಲುಕೋಮೀಟರೇ ಸಾಕು. ಅಮ್ಮ ಈಗ ಇನ್ಸುಲಿನ್ ತಗೋತಿದಾಳೆ, ಗಾಯಕ್ಕೆ ದಿನ ಬಿಟ್ಟು ದಿನ ಡ್ರೆಸಿಂಗ್. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀನಿ. ಇಂಥ ವಾಚಿಂದ ಯಾರಿಗಾದರೂ ದುಡ್ಡು ವಾಪಸ್ ಬಂದಿದ್ದರೆ ಹೇಗೆ ಬಂತು ಅಂತ ಹೇಳಿ.