‘ಐದು ಏಕೆ’ ಮತ್ತು ಮೀನಿನ ಮೂಳೆಯ ಚಿತ್ರ: ಒಂದೇ ದೋಷ, ಎರಡು ಸಾಧನ

ಪೀಣ್ಯದ ಸಣ್ಣ ಘಟಕವೊಂದರಲ್ಲಿ ನಾನು ಗುಣಮಟ್ಟದ ಹೊಣೆ ಹೊತ್ತಿದ್ದಾಗ, ಅಲ್ಯುಮಿನಿಯಂ ಹೌಸಿಂಗ್ (ಹೊರಕವಚ) ಒಂದರ 25 ಮಿ.ಮೀ. ಬೋರ್, ಅಂದರೆ ಕೊರೆದ ದುಂಡು ರಂಧ್ರ, ಪದೇ ಪದೇ ಅಳತೆ ತಪ್ಪುತ್ತಿತ್ತು. ರಂಧ್ರಗಳಿಗೆ ಬಳಸುವ ಎಚ್7 ಎಂಬ ಪ್ರಮಾಣಿತ ಮಿತಿಯಂತೆ ಅದರ ಅಳತೆ ಏರುಪೇರಾಗಲು ಇದ್ದ ಅವಕಾಶ ಕೇವಲ 21 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). ಉತ್ಪಾದನೆಯಲ್ಲಿ ವ್ಯರ್ಥವನ್ನು ಕಡಿಮೆ ಮಾಡುವ ಲೀನ್ ಪದ್ಧತಿಯನ್ನು ಆಗಷ್ಟೇ ಕಲಿಯುತ್ತಿದ್ದ ನಾನು, ಮೂಲಕಾರಣ ಹುಡುಕುವ ಎರಡು ಸಾಧನಗಳನ್ನು ಈ ಒಂದೇ ದೋಷದ ಮೇಲೆ ಒಂದಾದ ಮೇಲೊಂದರಂತೆ ಪ್ರಯೋಗಿಸಿದೆ.

ಮೊದಲು ಹಿಡಿದದ್ದು ‘ಐದು ಏಕೆ’, ಅಂದರೆ ಸಿಕ್ಕ ಪ್ರತಿ ಉತ್ತರಕ್ಕೂ ಮತ್ತೆ ‘ಏಕೆ’ ಎಂದು ಕೇಳುತ್ತಾ ಮೂಲಕಾರಣಕ್ಕೆ ಇಳಿಯುವ ಕ್ರಮ. ಟೊಯೋಟಾದ ತಾಯಿಚಿ ಓನೊ ಇದಕ್ಕೆ ಕೊಟ್ಟ ಉದಾಹರಣೆ ಪ್ರಸಿದ್ಧವಾದುದು: ಯಂತ್ರ ನಿಂತದ್ದು ಫ್ಯೂಸ್ ಹೋದದ್ದರಿಂದ, ಫ್ಯೂಸ್ ಹೋದದ್ದು ಬೇರಿಂಗಿಗೆ ಎಣ್ಣೆ ಸಾಲದೆ, ಎಣ್ಣೆ ಸಾಲದ್ದು ಪಂಪು ಸರಿಯಾಗಿ ಎಳೆಯದೆ, ಪಂಪು ಎಳೆಯದ್ದು ಅದರ ಶಾಫ್ಟ್ ಸವೆದು, ಶಾಫ್ಟ್ ಸವೆದದ್ದು ಜಾಲರಿಯಿಲ್ಲದೆ ಲೋಹದ ಚೂರು ಒಳಸೇರಿದ್ದರಿಂದ. ನನ್ನ ಸರಪಳಿಯೂ ಸಲೀಸಾಗಿಯೇ ಸಾಗಿತು. ಬೆಳಗಿನ ಮೊದಲ ತುಂಡುಗಳು ಕೆಡುತ್ತಿದ್ದವು; ಏಕೆಂದರೆ ಹಿಂದಿನ ದಿನ ಬಿಸಿಯಾಗಿದ್ದ ಯಂತ್ರಕ್ಕೆ ಹೊಂದಿಸಿದ್ದ ಆಫ್‌ಸೆಟ್ (ಕೊರೆಯುವ ಉಪಕರಣದ ಸ್ಥಾನದ ತಿದ್ದುಪಡಿ) ತಣ್ಣಗಿನ ಯಂತ್ರಕ್ಕೆ ಹೊಂದುತ್ತಿರಲಿಲ್ಲ; ಏಕೆಂದರೆ ಪಾಳಿ ಆರಂಭವಾದೊಡನೆ ಉತ್ಪಾದನೆಗೆ ಇಳಿಯುತ್ತಿದ್ದೆವು. ಯಂತ್ರವನ್ನು ಹದಿನೈದು ನಿಮಿಷ ಖಾಲಿ ಓಡಿಸುವ ಕ್ರಮ ತಂದೆವು. ಬೆಳಗಿನ ರಿಜೆಕ್ಷನ್ ಇಳಿಯಿತು. ಅರ್ಧ ಗಂಟೆಯಲ್ಲಿ ಸಿಕ್ಕ ಉತ್ತರವದು.

ಆದರೆ ಮಧ್ಯಾಹ್ನದ ತುಂಡುಗಳಲ್ಲಿ ಬೋರ್ ಕಿರಿದಾಗುವುದು ನಿಲ್ಲಲಿಲ್ಲ. ಮತ್ತೆ ‘ಏಕೆ’ ಕೇಳುತ್ತಾ ಹೋದಾಗ ನನ್ನ ಸರಪಳಿ ಆಪರೇಟರನ ಅಜಾಗರೂಕತೆಯಲ್ಲಿ ಹೋಗಿ ನಿಂತಿತು. ಇದು ಈ ಸಾಧನದ ದೊಡ್ಡ ಅಪಾಯವೆಂದು ನನಗೆ ಅನಿಸುತ್ತದೆ: ಕೇಳುವವನಿಗೆ ಮೊದಲೇ ಇರುವ ಅನುಮಾನವೇ ಉತ್ತರವಾಗಿ ಹೊರಬರುತ್ತದೆ, ಮತ್ತು ಮನುಷ್ಯನ ಹೆಸರು ಬಂದೊಡನೆ ಪ್ರಶ್ನೆ ನಿಂತುಬಿಡುತ್ತದೆ.

ಆಗ ಜಪಾನಿನ ಗುಣಮಟ್ಟ ತಜ್ಞ ಕವೋರು ಇಶಿಕಾವಾ ಅವರ ಮೀನಿನ ಮೂಳೆಯ ಚಿತ್ರವನ್ನು, ಅಂದರೆ ದೋಷವನ್ನು ತಲೆಯಾಗಿಯೂ ಕಾರಣಗಳ ಗುಂಪುಗಳನ್ನು ಮೂಳೆಗಳಾಗಿಯೂ ತೋರಿಸುವ ಚಿತ್ರವನ್ನು, ಹಲಗೆಯ ಮೇಲೆ ಬರೆದು, ಮನುಷ್ಯ, ಯಂತ್ರ, ಸಾಮಗ್ರಿ, ವಿಧಾನ, ಅಳತೆ, ಪರಿಸರ ಎಂಬ ಆರು ಮೂಳೆಗಳನ್ನು ಎಳೆದು, ಎರಡೂ ಪಾಳಿಯವರನ್ನು ಕೂರಿಸಿದೆವು. ಇದಕ್ಕೆ ಎರಡು ಮಧ್ಯಾಹ್ನಗಳೇ ಹಿಡಿದವು. ಬಂದ ಮಾತುಗಳಲ್ಲಿ ಹೆಚ್ಚಿನವು ಕೆಲಸಕ್ಕೆ ಬರಲಿಲ್ಲ. ಆದರೂ ಅದುವರೆಗೆ ಬಾಯಿ ಬಿಡದಿದ್ದ ಕಿರಿಯ ಆಪರೇಟರೊಬ್ಬರು ‘ಅಳತೆ’ಯ ಮೂಳೆಯ ಮುಂದೆ ಒಂದು ಮಾತು ಹೇಳಿದರು: ಯಂತ್ರದಿಂದ ತೆಗೆದ ತುಂಡನ್ನು ಬಿಸಿಯಿರುವಾಗಲೇ ಗೇಜಿಗೆ ಹಿಡಿಯುತ್ತೇವೆ. ಅಲ್ಯುಮಿನಿಯಂ ಪ್ರತಿ ಡಿಗ್ರಿಗೆ ಮೀಟರೊಂದಕ್ಕೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ 25 ಮಿ.ಮೀ. ಬೋರ್ ಆರು ಮೈಕ್ರಾನ್‌ನಷ್ಟು ದೊಡ್ಡದಾಗಿ ಕಾಣುತ್ತದೆ. ನಮಗಿದ್ದ ಅವಕಾಶದ ಕಾಲು ಭಾಗಕ್ಕಿಂತ ಹೆಚ್ಚು ಅಲ್ಲಿಯೇ ಕಳೆದುಹೋಗುತ್ತಿತ್ತು. ಬಿಸಿಯಲ್ಲಿ ಕೆಳಮಿತಿಗೆ ಸಮೀಪವಿದ್ದರೂ ಸರಿಯೆಂದು ಕಂಡ ತುಂಡು, ತಣಿದು ತಪಾಸಣಾ ಕೊಠಡಿ ಸೇರುವ ಹೊತ್ತಿಗೆ ಮಿತಿ ದಾಟುತ್ತಿತ್ತು. ನಾನು ಅಜಾಗರೂಕತೆಯೆಂದು ಬರೆದದ್ದು ಅನ್ಯಾಯವಾಗಿತ್ತು.

ಕಲಿಯುವುದಕ್ಕೆ ‘ಐದು ಏಕೆ’ ಸುಲಭ, ಆದರೆ ಪ್ರತಿ ಉತ್ತರವನ್ನೂ ಯಂತ್ರದ ಬಳಿ ನಿಂತು ಪರೀಕ್ಷಿಸುವ ಶಿಸ್ತು ಬರಲು ತಿಂಗಳುಗಳು ಬೇಕಾಗುತ್ತವೆ. ಮೀನಿನ ಚಿತ್ರಕ್ಕೆ ಸಮಯವೂ ತಂಡವೂ ಬೇಕು, ಮತ್ತು ಅದು ತಾನಾಗಿ ಯಾವ ಕಾರಣವನ್ನೂ ಸಾಬೀತುಪಡಿಸುವುದಿಲ್ಲ. ಪಂಪು ನಿಂತಂಥ, ಒಂದೇ ಘಟನೆಯ ತೊಂದರೆಗೆ ನಾನು ಈಗಲೂ ಮೊದಲನೆಯದನ್ನೇ ಹಿಡಿಯುತ್ತೇನೆ. ಬಂದು ಹೋಗುವ ದೋಷಕ್ಕಾದರೆ ಮೊದಲು ಮೀನನ್ನು ಬರೆದು, ಹೊಸದಾಗಿ ಸೇರಿದವರಿಗೆ ‘ಅಳತೆ’ಯ ಮೂಳೆಯನ್ನು ಎಲ್ಲಕ್ಕಿಂತ ಮುಂಚೆ ತುಂಬಲು ಹೇಳುತ್ತೇನೆ, ‘ಏಕೆ’ ಎಂಬ ಪ್ರಶ್ನೆ ಅದರ ನಂತರ ಬರುತ್ತದೆ.